ನೊಗ ಹೊತ್ತದ್ದೆಲ್ಲಾ ಎತ್ತು

ರೋಣದ ಬಸ್‌ಸ್ಟ್ಯಾಂಡಿನ ಹಿಂದೆ, ಖಾಜಾಬಿಯ ಮನೆಯ ಮೇಲಿನ ಖೋಲಿಯಲ್ಲಿ ಯಮನೂರಪ್ಪ ಅಂತ ಒಬ್ಬ ಮನುಷ್ಯ ಇದ್ದಾನೆ. ಹುಡುಗರಿಗೆ ಕಂಪ್ಯೂಟರ್ ಟ್ಯೂಶನ್ ಹೇಳುವುದು ಅವನ ಉದ್ಯೋಗ. ಎಂದಾದರೂ ಅವನ ಮನೆಗೆ ಹೋದರೆ ಯಾವ ಡಬ್ಬಿಯನ್ನೂ ನಂಬಿ ಕೈ ಹಾಕಬೇಡಿ. ಸಕ್ಕರೆ ಡಬ್ಬಿಯಲ್ಲಿ ಸ್ಕ್ರೂ ಇರುತ್ತವೆ. ಸ್ಕ್ರೂ ಇರಬೇಕಾದಲ್ಲಿ ಒಣಮೆಣಸಿನಕಾಯಿ ಇರುತ್ತದೆ. ಬಾಗಿಲಿಗೆ ಚಿಲಕದ ಬದಲು ಸೈಕಲ್ಲಿನ ಪೆಡಲ್ ಇದೆ. ಇಸ್ತ್ರಿಪೆಟ್ಟಿಗೆ ಕೆಟ್ಟು ಎಷ್ಟೋ ಕಾಲವಾಯಿತು, ಕುದಿಯುವ ನೀರು ತುಂಬಿದ ತಂಬಿಗೆಯನ್ನೇ ಅಂಗಿಯ ಮೇಲೆ ಆಡಿಸುತ್ತಾನೆ. ಒಂದು ಸಲ ಖಾಜಾಬಿ ತಲೆಗೆ ಎಣ್ಣೆ ಕೇಳಲು ಬಂದು, ಶಾಂಪೂ ಬಾಟಲಿಯಲ್ಲಿದ್ದ ಹೊಲಿಗೆ ಮಷಿನ್ನಿನ ಎಣ್ಣೆಯನ್ನು ಹಚ್ಚಿಕೊಂಡು ಹೋದಳು. ಕೂದಲು ಚಲೋ ಆದವು ಅಂತ ಮರುದಿನ ಮತ್ತೆ ಬಂದಳು. ಯಮನೂರಪ್ಪನ ಅದೃಷ್ಟ ನೋಡಿ, ತಪ್ಪು ಮಾಡಿದರೂ ಅವನಿಗೆ ಬುದ್ಧಿ ಕಲಿಸುವವರು ಯಾರೂ ಸಿಗುವುದಿಲ್ಲ.

ಇದು ಸೋಮಾರಿತನವಲ್ಲ, ಸಿದ್ಧಾಂತ. ಪುರ್ತಗೇರಿಯಲ್ಲಿ ಅವನಪ್ಪ ಮಲ್ಲೇಶಪ್ಪ ಒಂದು ಜೋಡಿ ಎತ್ತು ಇಟ್ಟುಕೊಂಡಿದ್ದ. ಒಂದು ವರ್ಷ ಬಿತ್ತಿಗೆಯ ಹೊತ್ತಿಗೆ ಸರಿಯಾಗಿ ಒಂದು ಎತ್ತು ಕಾಲು ಮುರಿದುಕೊಂಡು ಮಲಗಿತು. ಮಲ್ಲೇಶಪ್ಪ ಹಿಂದೆ ಮುಂದೆ ನೋಡದೆ ಮನೆಯ ಆಕಳನ್ನು ತಂದು ನೊಗಕ್ಕೆ ಕಟ್ಟಿದ. ದಾರಿಯಲ್ಲಿ ಹೋಗುವವನೊಬ್ಬ ಬದುವಿನ ಮೇಲೆ ನಿಂತು, "ಆಕಳಾ ಹೂಡಾಕ ಹತ್ತೀಯಲ್ಲೋ, ನಿನಗ ಬುದ್ಧಿ ಐತೇನು?" ಅಂತ ಕೇಳಿದ. ಮಲ್ಲೇಶಪ್ಪ ಕೂರಿಗೆ ನಿಲ್ಲಿಸಲೂ ಇಲ್ಲ. "ನೊಗ ಹೊತ್ತದ್ದೆಲ್ಲಾ ಎತ್ತು. ನೀ ಹೊರತೀಯೇನು ಹೇಳು, ನಿನ್ನೂ ಹೂಡತೇನಿ" ಅಂದ. ಬೆನ್ನಿಗೆ ಬೀಜದ ಚೀಲ ಕಟ್ಟಿಕೊಂಡು ಹಿಂದೆ ನಡೆಯುತ್ತಿದ್ದ ಯಮನೂರಪ್ಪನಿಗೆ ಆ ಮಾತು ಎದೆಯಲ್ಲಿ ಅಚ್ಚೊತ್ತಿಬಿಟ್ಟಿತು. ಅಪ್ಪ ಈಗಿಲ್ಲ, ಪಾಲಿಗೆ ಮಾಡುತ್ತಿದ್ದ ಹೊಲವೂ ಇಲ್ಲ, ಮಾತು ಇದೆ.

ಮುಂದೆ ಅವನು ಕಂಪ್ಯೂಟರ್ ಕಲಿಯಲು ಹೋದಾಗ ಪೈಥಾನ್ ಅನ್ನುವ ಭಾಷೆ ಸಿಕ್ಕಿತು. ಅದು ಮಲ್ಲೇಶಪ್ಪನ ಗುಣದ್ದೇ. ನೀನು ಯಾರು, ಯಾರ ಪೈಕಿ ಅಂತ ಅದು ಮೊದಲೇ ವಿಚಾರಿಸುವುದಿಲ್ಲ. ಓಡು ಅನ್ನುತ್ತದೆ, ಓಡಿದರೆ ಸರಿ. ಓಡದಿದ್ದರೆ ನಡುಹೊಲದಲ್ಲಿ ಕೂತುಬಿಡುತ್ತದೆ, ಅದು ಬೇರೆ ಮಾತು. ಯಮನೂರಪ್ಪ ಆ ಭಾಷೆಯನ್ನು ಅಪ್ಪಿಕೊಂಡವನು ಮತ್ತೆ ಬಿಡಲಿಲ್ಲ.

ಅವನ ಹೆಂಡತಿ ಉಮಾ ನರಗುಂದದ ಒಂದು ಕಾಲೇಜಿನಲ್ಲಿ ಜಾವಾ ಕಲಿಸುತ್ತಾಳೆ. ಜಾವಾದಲ್ಲಿ ಇಂಥ ಆಟ ನಡೆಯುವುದಿಲ್ಲ. ನಾನು ಎತ್ತು, ಎಳೆಯುತ್ತೇನೆ, ಉಳುತ್ತೇನೆ, ಕರೆದರೆ ಬರುತ್ತೇನೆ ಅಂತ ಮೊದಲೇ ಬರೆದುಕೊಡಬೇಕು. ಇದಕ್ಕೆ ಇಂಟರ್‌ಫೇಸ್ ಅನ್ನುತ್ತಾರೆ, ಕರಾರು ಅಂತ ತಿಳಿದುಕೊಳ್ಳಿ. ಕರಾರಿನಲ್ಲಿ ಒಂದು ಮಾತು ಕಡಿಮೆ ಬಿದ್ದರೂ ಹೊಲದ ಮಾತು ದೂರ, ಕೊಟ್ಟಿಗೆಯಿಂದಲೇ ಬಿಚ್ಚುವುದಿಲ್ಲ. ಉಮಾ ಬದುಕಿನಲ್ಲೂ ಹಾಗೆಯೇ. ಮದುವೆಯಾಗಿ ಬಂದ ಮೊದಲ ವಾರವೇ ಮನೆಯ ಡಬ್ಬಿಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿದಳು. ಸಕ್ಕರೆ ಡಬ್ಬಿಯಲ್ಲಿ ಸ್ಕ್ರೂ ಸೇರಿದ್ದು ಅದಾದ ಮೇಲೆ.

ಇವರಿಬ್ಬರೂ ಜಗಳದಿಂದಲೇ ಕೂಡಿದವರು. ಗಜೇಂದ್ರಗಡದಲ್ಲಿ ಒಮ್ಮೆ ಕಂಪ್ಯೂಟರ್ ಕಲಿಸುವವರಿಗೆ ಒಂದು ತರಬೇತಿ ಇತ್ತು. ಯಮನೂರಪ್ಪ ಎದ್ದು ನಿಂತು, "ಕರಾರು ಬೇಕಾಗೂದು ನಂಬಿಕಿ ಇಲ್ಲದವ್ರಿಗೆ" ಅಂತ ದೊಡ್ಡ ಮಾತು ಎಸೆದ. ಹಿಂದಿನ ಸಾಲಿನಿಂದ ಉಮಾ ಎದ್ದಳು. "ಸರ್, ಡಾಕ್ಟರ್ ಹೌದೋ ಅಲ್ಲೋ ಕೇಳದನ ನೀವು ಹಲ್ಲ ಕೀಳಿಸಿಕೋತೀರೇನ್ರಿ?" ಅಂದಳು. "ಹಲ್ಲು ಬಂದ್ರ ಸಾಕಲ್ರಿ" ಅಂದ ಯಮನೂರಪ್ಪ. "ಬಾಜೂದ್ದು ಬಂದ್ರ?" ಅಂದಳು ಉಮಾ. ಸಭೆ ಗೊಳ್ಳೆಂದು ನಕ್ಕಿತು. ವಾದ ಗುಡ್ಡದ ಗಾಳಿಯಂತ್ರಗಳ ಕೆಳಗೆ ನಡೆದು, ಬಸ್ಸು ಹತ್ತಿ, ರೋಣದಲ್ಲಿ ಇಳಿಯಬೇಕಾದ ಯಮನೂರಪ್ಪ ಇಳಿಯದೆ ನರಗುಂದದವರೆಗೂ ಹೋಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಆ ಜೋಡಿ ಇದು. ಆದರೂ ಗಾಡಿ ಸಾಗುತ್ತಿದೆ.

ಗಾಡಿಗೆ ಅಡ್ಡ ನಿಂತದ್ದು ಒಂದೇ ಕಲ್ಲು, ಉಮಾಳ ಅಪ್ಪ ದ್ಯಾಮಪ್ಪ. ಬೆಳವಣಕಿಯಲ್ಲಿ ಎರೆಹೊಲದ ದೊಡ್ಡ ಕುಳ. ಅಳಿಯ ಅಂದರೆ ಹೇಗಿರಬೇಕು ಅನ್ನುವುದಕ್ಕೆ ಅವನದೂ ಒಂದು ಕರಾರು ಇತ್ತು. ಹೊಲ ಇರಬೇಕು, ಸರಕಾರಿ ನೌಕರಿ ಇರಬೇಕು, ಊರಲ್ಲಿ ನಾಲ್ಕು ಮಂದಿ ಎದ್ದು ನಿಲ್ಲುವಂಥ ಮನೆತನ ಇರಬೇಕು, ಮೀಸೆ ಇರಬೇಕು. ಯಮನೂರಪ್ಪನಿಗೆ ಮೊದಲಿನ ಮೂರೂ ಇರಲಿಲ್ಲ. ಮಾವನ ಮನಸ್ಸು ಗೆಲ್ಲಲು ಮೀಸೆಯನ್ನಾದರೂ ಬಿಡೋಣ ಅಂತ ಬಿಟ್ಟ. ಅದು ಎಡಗಡೆ ಮಾತ್ರ ಬೆಳೆಯಿತು.

ಮಗಳು ಹಟ ಹಿಡಿದದ್ದಕ್ಕೆ ದ್ಯಾಮಪ್ಪ ಮದುವೆ ಮಾಡಿಕೊಟ್ಟ, ಆದರೆ ಅಳಿಯಂದ್ರ ಅಂತ ಬಾಯಿ ತುಂಬ ಕರೆಯಲಿಲ್ಲ. ಹೆಸರನ್ನೂ ಹಿಡಿಯುತ್ತಿರಲಿಲ್ಲ. ಮನೆಗೆ ಬಂದರೆ ಗೋಡೆ ನೋಡುತ್ತ, "ಅಲ್ಲಿ ಯಾರೋ ಕುಂತಾರ, ಚಾ ಕೊಡ್ರಿ" ಅನ್ನುತ್ತಿದ್ದ. ತನ್ನ ಫೋನಿನಲ್ಲಿ ಯಮನೂರಪ್ಪನ ನಂಬರನ್ನು 'ಉಮಾ ಎರಡನೇದು' ಅಂತ ಇಟ್ಟುಕೊಂಡಿದ್ದ. ಹಾಗಂತ ಕೆಲಸ ಹೇಳುವುದಕ್ಕೇನೂ ಸಂಕೋಚವಿರಲಿಲ್ಲ. ಬೋರಿನ ಮೋಟರ್ ಕೆಟ್ಟರೆ ಯಮನೂರಪ್ಪ ಬರಬೇಕು. ಕಣ್ಣಿನ ಆಪರೇಶನ್ನಿಗೆ ಗದಗಿನ ದವಾಖಾನೆಗೆ ಕರೆದೊಯ್ದು, ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗಿ, ಹೊತ್ತುಹೊತ್ತಿಗೆ ಹನಿ ಹಾಕಿದವನೂ ಅವನೇ. ನರ್ಸು "ನಿಮಗ ಇವರು ಏನಾಗಬೇಕ್ರಿ?" ಅಂತ ಕೇಳಿದಾಗ ದ್ಯಾಮಪ್ಪ ಪಟ್ಟಿ ಕಟ್ಟಿದ ಕಣ್ಣಿನಲ್ಲೇ ಗೋಡೆಯ ಕಡೆ ತಿರುಗಿ, "ನಮ್ಮ ಕಡೇವ್ರು" ಅಂದ.

ಯಮನೂರಪ್ಪ ಇದನ್ನು ನಗುತ್ತಲೇ ತಳ್ಳುತ್ತಿದ್ದ. ಹೆಸರಿನಲ್ಲಿ ಏನಿದೆ, ಕೆಲಸ ನಡೆದರೆ ಸಾಕು ಅನ್ನುವುದು ಅವನದೇ ಸಿದ್ಧಾಂತವಲ್ಲವೇ. ಆದರೆ ಖರೇ ಹೇಳಬೇಕೆಂದರೆ ಅವನಿಗೆ ಅದು ನೋಯುತ್ತಿತ್ತು. ಅಪ್ಪ ಹೋದ ಮೇಲೆ ಸಂಬಂಧ ಹಚ್ಚಿ ಕರೆಯುವ ಹಿರಿಯರು ಅವನಿಗೆ ಯಾರೂ ಉಳಿದಿರಲಿಲ್ಲ. ಒಂದೇ ಒಂದು ಸಲ ಆ ಮುದುಕ ಅಳಿಯಂದ್ರ ಅಂದರೆ ಸಾಕು ಅಂತ ಅವನ ಜೀವ ಬಯಸುತ್ತಿತ್ತು. ಇದನ್ನು ಅವನು ಹೇಳಿಕೊಂಡಿರಲಿಲ್ಲ, ಉಮಾಳಿಗೆ ಗೊತ್ತಿತ್ತು.

ಹೀಗಿರುವಾಗ ಕಾರಹುಣ್ಣಿಮೆ ಹತ್ತಿರ ಬಂತು. ಅವತ್ತು ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೋಡಬಳೆ ಪೋಣಿಸಿ, ಸಂಜೆಗೆ ಊರ ಹೆಬ್ಬಾಗಿಲಾದ ಅಗಸಿಯ ಕಡೆ ಓಡಿಸುತ್ತಾರೆ. ಅಗಸಿಗೆ ಅಡ್ಡವಾಗಿ ಬೇವಿನ ತೊಪ್ಪಲು ಕಟ್ಟಿದ ಹಗ್ಗವೇ ಕರಿ. ಅದನ್ನು ಮೊದಲು ಹರಿದ ಎತ್ತು ಬಿಳಿಯದಾದರೆ ಆ ವರ್ಷ ಬಿಳಿಜೋಳ, ಹತ್ತಿ ಚಲೋ ಬರುತ್ತವೆ. ಕೆಂಪಾದರೆ ಗೋಧಿ, ತೊಗರಿ. ಹೋದ ವರ್ಷ ದ್ಯಾಮಪ್ಪನ ಬಿಳಿ ಎತ್ತು ಹೀರ್ಯಾ, ಎದುರುಮನೆ ಗ್ಯಾನಪ್ಪನ ಕೆಂದೆತ್ತು, ಎರಡೂ ಒಟ್ಟಿಗೇ ಕರಿ ಹರಿದಿದ್ದವು. ನಮ್ಮದು ಮೊದಲು ಅಂತ ಇವನು, ನಮ್ಮದು ಅಂತ ಅವನು. ಎತ್ತುಗಳು ಅಂದೇ ಜಗಳ ಮರೆತು ಒಂದೇ ಬಾನಿಯಲ್ಲಿ ನೀರು ಕುಡಿದವು. ಮಾಲೀಕರು ಮಾತ್ರ ವರ್ಷಪೂರ್ತಿ ಮುಖ ನೋಡಲಿಲ್ಲ.

ಈ ಸಲ ಜಗಳವೇ ಬೇಡ, ಅಗಸಿಗೆ ಕ್ಯಾಮರಾ ಕಟ್ಟಿಸಿ ಕಂಪ್ಯೂಟರಿನಿಂದಲೇ ಹೇಳಿಸೋಣ ಅಂತ ಊರ ಹಿರಿಯರು ನಿಶ್ಚಯ ಮಾಡಿದರು. ದ್ಯಾಮಪ್ಪ ಮಗಳಿಗೆ ಫೋನ್ ಹಚ್ಚಿ, "ನಿಮ್ಮ ಮನ್ಯಾಗ ಯಾರೋ ಕಂಪ್ಯೂಟರ್ ಬಲ್ಲವ್ರು ಅದಾರಂತಲ್ಲ, ಅವ್ರಿಗೆ ಹೇಳು" ಅಂದ. ಉಮಾ ಗಂಡನನ್ನು ಕರೆದುಕೊಂಡು ನೇರ ಬೆಳವಣಕಿಗೆ ಹೋದಳು.

"ಅಪ್ಪಾ, ಮೊದಲ ಕರಾರು ಆಗಲಿ" ಅಂದಳು. "ಕರಿ ಹರದದ್ದು ಯಾವ ಬಣ್ಣದ್ದು ಅಂತ ಇವರ ಪ್ರೋಗ್ರಾಮ್ ಖರೇ ಹೇಳಿದ್ರ, ಅಗಸಿ ಮುಂದ, ಊರ ಮಂದಿಗೆಲ್ಲಾ ಕೇಳೂ ಹಂಗ, ಇವರನ್ನ ಅಳಿಯಂದ್ರ ಅಂತ ಕರೀಬೇಕು."

ದ್ಯಾಮಪ್ಪ ಅಡಕೆ ಹೋಳನ್ನು ಈ ದವಡೆಯಿಂದ ಆ ದವಡೆಗೆ ಸಾಗಿಸಿದ. "ತಪ್ಪ ಹೇಳಿದ್ರ?"

"ಇನ್ನ ಎಂದೂ ಕೇಳೂದಿಲ್ಲ."

"ಆತು" ಅಂದ ದ್ಯಾಮಪ್ಪ, ಗೋಡೆಗೆ. ಬಾಗಿಲ ಬಳಿ ಕೂತಿದ್ದ ಯಮನೂರಪ್ಪ ಖಾಲಿ ಕಪ್ಪಿನಿಂದಲೇ ಮತ್ತೊಂದು ಗುಟುಕು ಚಹಾ ಕುಡಿದ.

ರೋಣಕ್ಕೆ ಮರಳಿ ಪ್ರೋಗ್ರಾಮ್ ಬರೆಯಲು ಕೂತ. ಅಗಸಿಯ ಗೆರೆಯನ್ನು ಮೊದಲು ದಾಟಿದ್ದನ್ನು ಕ್ಯಾಮರಾ ನೋಡಬೇಕು, ಅದರ ಮೈಮೇಲಿನ ಅರಿವೆಯಲ್ಲಿ ಬರೆದ ನಂಬರ್ ಓದಿ ಮಾಲೀಕನ ಹೆಸರು ಹೇಳಬೇಕು, ಬಣ್ಣ ಹೇಳಬೇಕು. ಇಷ್ಟಕ್ಕೇ ಬಿಟ್ಟಿದ್ದರೆ ಅವನು ಯಮನೂರಪ್ಪ ಹೇಗಾದಾನು. ಎತ್ತಿನ ಲಕ್ಷಣ ಬಣ್ಣಿಸಿದರೆ ನಮ್ಮ ಹಿರಿಯರು ಹಿಗ್ಗುತ್ತಾರೆ ಅಂತ ಕೋಡು, ಬಾಲ, ಕಾಲು, ಮೈಕಟ್ಟು ಎಲ್ಲವನ್ನೂ ಹೇಳುವ ಹಾಗೆ ಮಾಡಿದ. ಗದ್ದಲದಲ್ಲಿ ಕೇಳದೆ ಹೋದೀತು ಅಂತ, ನಿಲ್ಲಿಸುವವರೆಗೂ ಹೇಳುತ್ತಲೇ ಇರು ಅಂತಲೂ ಬರೆದ.

ಉಮಾ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಎತ್ತು ಅಂದ್ರ ಏನು ಅಂತ ಎಲ್ಲಿ ಬರದೀರಿ?"

"ಕರಿ ಹರದದ್ದು ಎತ್ತು. ಮತ್ತೇನ ಬರೀಬೇಕು?"

"ನಾಕು ಕಾಲು ಇರಬೇಕು, ಕೋಡು ಇರಬೇಕು, ಇಲ್ಲಂದ್ರ ಒಳಗ ಬಿಡಬ್ಯಾಡ ಅಂತ ಒಂದು ಸಾಲು ಬರೀರಿ. ಏನ್ ಗಂಟ ಹೋಗತೈತಿ?"

"ಕೋಡು ಮುರದ ಎತ್ತು ಬಂದ್ರ? ಅದನ್ನ ಎತ್ತಲ್ಲ ಅಂತ ಮನೀಗೆ ಕಳಸಲೇನು? ಕಾಲಿದ್ರ ಕಾಲ ಹೇಳತೈತಿ, ಇಲ್ಲದಿದ್ರ ಇಲ್ಲ ಅಂತೈತಿ. ಯಾಕ ತಡೀಬೇಕು?"

"ಎತ್ತು ಈಯ್ತು ಅಂದ್ರ ಕರಾ ಕಟ್ಟು ಅನ್ನೂ ಪ್ರೋಗ್ರಾಮ್ ಇದು" ಅಂದು ಉಮಾ ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಪರೀಕ್ಷೆಗೆ ಅಂಗಳದಲ್ಲಿ ಹಗ್ಗ ಕಟ್ಟಿ ಖಾಜಾಬಿಯ ಆಡನ್ನು ಓಡಿಸಿದರು. ಕಂಪ್ಯೂಟರಿನ ಹೆಣ್ಣುದನಿ ಬೆಂಗಳೂರು ಕನ್ನಡದಲ್ಲಿ, "ಬಣ್ಣ, ಕಪ್ಪು. ಕೋಡು, ಚಿಕ್ಕದು. ಚೆಲುವಾದ ಎತ್ತು" ಅಂತ ಸಾರಿತು. ಉಮಾ ಗಂಡನ ಮುಖ ನೋಡಿದಳು. "ಅಗಸಿಗೆ ಆಡು ಯಾಕ ಬರತೈತಿ?" ಅಂದ ಯಮನೂರಪ್ಪ. ಖಾಜಾಬಿ ಮಾತ್ರ ತನ್ನ ಆಡನ್ನು ಎತ್ತು ಅಂದದ್ದಕ್ಕೆ ಹಿಗ್ಗಿ, ಮರುದಿನದಿಂದ ಅದಕ್ಕೆ ಹತ್ತಿಕಾಳು ಇಡತೊಡಗಿದಳು.

ಹುಣ್ಣಿಮೆಯ ಸಂಜೆ ಬೆಳವಣಕಿಯ ಅಗಸಿಯ ಮುಂದೆ ಜಾತಿ ಕುಲ ಎನ್ನದೆ ಊರೆಲ್ಲ ನೆರೆದಿತ್ತು. ಮಾಳಿಗೆಗಳ ಮೇಲೆ ಹೆಣ್ಣುಮಕ್ಕಳು, ಹಲಗೆಯ ಬಡಿತ, ಕಂಬಕ್ಕೆ ಕಟ್ಟಿದ ಧ್ವನಿವರ್ಧಕ. ಅಗಸಿಯ ಪಕ್ಕದ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಯಮನೂರಪ್ಪ, ಅವನ ಪಕ್ಕದಲ್ಲಿ ಉಮಾ. ಗೆದ್ದ ಎತ್ತಿಗೆ ಆರತಿ ಮಾಡಲು ಉಮಾಳ ಅವ್ವ ಮರಿಯವ್ವ ತಾಟು ಹಿಡಿದು ನಿಂತಿದ್ದಳು.

ಊರ ಹೊರಗೆ, ಎತ್ತು ಬಿಡುವ ಕಡೆ, ಬೇರೆಯದೇ ನಡೆದಿತ್ತು. ಹೀರ್ಯಾನ ಬೆನ್ನಿಗೆ ನಂಬರಿನ ಅರಿವೆ ಕಟ್ಟಲು ದ್ಯಾಮಪ್ಪ ಎಷ್ಟು ಹೆಣಗಿದರೂ ಅದು ಕಟ್ಟಿಸಿಕೊಳ್ಳಲಿಲ್ಲ. ಆಮೇಲೆ ನೋಡೋಣ ಅಂತ ಅರಿವೆಯನ್ನು ತನ್ನ ಹೆಗಲಿಗೇ ಹಾಕಿಕೊಂಡ. ಅಷ್ಟರಲ್ಲಿ ಹಲಗೆ ಬಡಿಯಿತು. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ರುಮಾಲಿನ ದ್ಯಾಮಪ್ಪ ಮೂಗುದಾರದ ಹಗ್ಗ ಹಿಡಿದು ಎತ್ತಿನ ಮುಂದೆ ಓಟ ಕಿತ್ತ. ನಾಲ್ಕು ಮಾರು ಹೋಗುವುದರೊಳಗೆ ಹಗ್ಗದ ಗಂಟು ಬಿಚ್ಚಿಕೊಂಡಿತು. ಹೀರ್ಯಾ ನಿಂತು, ಯೋಚನೆ ಮಾಡಿ, ಹಿಂದಕ್ಕೆ ತಿರುಗಿ ತನ್ನ ಗ್ವಾದಲಿಯ ಕಡೆ ನಡೆಯಿತು. ಮೇವು ಅಲ್ಲಿತ್ತು, ಅದರ ತಪ್ಪೇನೂ ಇಲ್ಲ.

ದ್ಯಾಮಪ್ಪ ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಗೊರಸಿನ ಸಪ್ಪಳ ಕೇಳುತ್ತಿತ್ತು. ತನ್ನ ಹೀರ್ಯಾನೇ ಬರುತ್ತಿದೆ ಅಂತ ತಿಳಿದು, "ಹೌದಲೇ ಮಗನ, ಬಾ, ಬಾ" ಅಂತ ಹುರಿದುಂಬಿಸುತ್ತ ಖಾಲಿ ಹಗ್ಗ ಎಳೆದುಕೊಂಡು ಓಡಿದ. ಬರುತ್ತಿದ್ದದ್ದು ಗ್ಯಾನಪ್ಪನ ಕೆಂದೆತ್ತು. ಅದು ಹತ್ತಿರವಾದಷ್ಟೂ ಮುದುಕ ಜೋರಾದ. ಆ ವಯಸ್ಸಿನಲ್ಲಿ ಆ ಓಟವನ್ನು ಬೆಳವಣಕಿ ಎಂದೂ ಕಂಡಿರಲಿಲ್ಲ. ಬಂದವನೇ ಎದೆಗೊಟ್ಟು ಕರಿಯನ್ನು ಫಟ್ಟನೆ ಹರಿದು, ಬೇವಿನ ತೊಪ್ಪಲಿನ ಸಮೇತ ಅಗಸಿಯ ಒಳಗೆ ಬಂದು ಬಿದ್ದ. ಕೆಂದೆತ್ತು ಅವನ ಬೆನ್ನಿಗೇ ದಾಟಿತು.

ಊರು ಉಸಿರು ಬಿಡುವ ಮೊದಲೇ ಧ್ವನಿವರ್ಧಕ ಮಾತಾಡಿತು. "ಕರಿ ಹರಿದ ಎತ್ತು, ದ್ಯಾಮಪ್ಪನವರ ಮನೆಯದು. ಬಣ್ಣ, ಬಿಳಿ. ಕೋಡು, ಇಲ್ಲ. ಬಾಲ, ಇಲ್ಲ. ಕಾಲು, ಎರಡು. ಮೈಕಟ್ಟು, ಸಾಧಾರಣ. ಚೆಲುವಾದ ಎತ್ತು."

ಮಾಳಿಗೆಗಳ ಮೇಲಿನ ಹೆಣ್ಣುಮಕ್ಕಳು ಸೆರಗು ಬಾಯಿಗೆ ತುರುಕಿಕೊಂಡರು. ಯಮನೂರಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಉಮಾ ಹೇಳಿದ ಒಂದೇ ಒಂದು ಸಾಲು ಬರೆದಿದ್ದರೆ ಈ ಗತಿ ಬರುತ್ತಿರಲಿಲ್ಲ. ಇನ್ನು ಜನ್ಮದಲ್ಲಿ ಆ ಬಾಯಿಂದ ಅಳಿಯ ಅನ್ನಿಸಿಕೊಳ್ಳುವುದು ಮುಗಿದ ಮಾತು ಅಂತ ಅವನಿಗೆ ಅಳು ಬಂತು. ದ್ಯಾಮಪ್ಪ ಎದ್ದು, ಧೋತರ ಝಾಡಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ಕಟ್ಟೆಯ ಕಡೆಗೇ ಬಂದ. "ಯಾವನಲೇ ಅಂವಾ, ನನ್ನ ಎತ್ತು ಅಂತ ಸಾರಿದಾಂವ" ಅಂತ ಬಾಯಿ ತೆರೆಯುವಷ್ಟರಲ್ಲಿ ಗ್ಯಾನಪ್ಪ ನಡುವೆ ಬಂದ.

"ಇದು ತಪ್ಪ ಐತಿ" ಅಂದ ಗ್ಯಾನಪ್ಪ, ವರ್ಷದ ಮೇಲೆ ಮೊದಲ ಸಲ ಎದುರಾಳಿಯ ಮುಖ ನೋಡಿ. "ಹರದಾಂವ ಮನಷ್ಯಾ. ಮೊದಲ ದಾಟಿದ ಎತ್ತು ನಂದು. ಈ ವರ್ಷ ಕೆಂಪು."

ದ್ಯಾಮಪ್ಪ ಗಕ್ಕನೆ ನಿಂತ. ಕಂಪ್ಯೂಟರ್ ಹೇಳಿದ್ದು ಸುಳ್ಳಾದರೆ ಗ್ಯಾನಪ್ಪ ಗೆದ್ದ. ಗ್ಯಾನಪ್ಪ ಗೆಲ್ಲುವುದಕ್ಕಿಂತ ತಾನು ಎತ್ತಾಗುವುದೇ ಮೇಲು ಅಂತ ಅವನ ಮುಖದಲ್ಲಿ ಬರೆದಂತೆ ಕಾಣುತ್ತಿತ್ತು.

"ಯಾಕ ತಪ್ಪು?" ಅಂದ. "ಕರಿ ಹರದಾಂವ ಯಾರು? ನಾ. ಬಣ್ಣ ಯಾವುದು? ನೋಡು, ಬಿಳಿ."

"ಎತ್ತಿಗೆ ಕೋಡು ಬೇಕೋ ಬ್ಯಾಡೋ?"

"ಕೋಡು ಏನ ಕೇಳತಿ, ಕೆಲಸ ಕೇಳು. ಎತ್ತಿನ ಕೆಲಸ ಯಾರು ಮಾಡ್ಯಾರೋ ಅವರೇ ಎತ್ತು."

"ಹಂಗಾರ ನೀ ಎತ್ತು?"

"ಹೌದು, ನಾ ಎತ್ತು" ಅಂದ ದ್ಯಾಮಪ್ಪ, ಎದೆ ಮುಂದೆ ಮಾಡಿ. ಹಿರಿಯರು ತಮ್ಮತಮ್ಮಲ್ಲಿ ಮುಖ ನೋಡಿಕೊಂಡರು. ಕರಿ ಹರಿಯುವ ಎತ್ತಿಗೆ ಇಷ್ಟೇ ಕಾಲು ಇರಬೇಕು ಅಂತ ಯಾರ ಕಾಲದಲ್ಲೂ ಯಾರೂ ನಿಯಮ ಮಾಡಿಟ್ಟಿರಲಿಲ್ಲ. ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ತಾವೇ ಎತ್ತು ಅಂತ ಒಪ್ಪಿಕೊಂಡ ಮೇಲೆ ನಮ್ಮದೇನು ತಕರಾರು, ಬಿಳಿ ಅಂತಲೇ ಆಗಲಿ ಅಂದುಬಿಟ್ಟರು. ಗ್ಯಾನಪ್ಪನಿಗೂ ಅಷ್ಟರಲ್ಲಿ ನಗು ತಡೆಯಲು ಆಗುತ್ತಿರಲಿಲ್ಲ.

ಮರಿಯವ್ವ ಆರತಿ ತಾಟು ಹಿಡಿದು ಮುಂದೆ ಬಂದಳು. "ಎತ್ತು ಯಾವುದ್ರಿ?" ಅಂತ ಕೇಳಿದಳು. ಹತ್ತಾರು ಕೈ ಅವಳ ಗಂಡನನ್ನು ತೋರಿಸಿದವು. ಅವಳು ಒಂದಿಷ್ಟೂ ನಗದೆ ಅವನ ಹಣೆಗೆ ಕುಂಕುಮ ಹಚ್ಚಿದಳು, ಆರತಿ ಬೆಳಗಿದಳು. ಕೋಡಿಲ್ಲದ್ದಕ್ಕೆ ಕೋಡಬಳೆಯನ್ನು ಕಿವಿಗೆ ಸಿಕ್ಕಿಸಿದಳು.

ಆಗ ಉಮಾ ಕಟ್ಟೆಯಿಂದ ಇಳಿದಳು. "ಅಪ್ಪಾ, ಪ್ರೋಗ್ರಾಮ್ ಖರೇ ಹೇಳತೋ ಇಲ್ಲೋ?"

"ಖರೇ ಹೇಳತು."

"ಕೋಡು ಕೇಳಬ್ಯಾಡ, ಕೆಲಸ ಕೇಳು ಅಂದ್ಯಲ್ಲ. ಇವರಿಗೂ ಹೊಲ ಇಲ್ಲ, ನೌಕರಿ ಇಲ್ಲ, ಮೀಸಿ ಅರ್ಧ ಐತಿ. ದವಾಖಾನ್ಯಾಗ ನಿನ್ನ ಕಣ್ಣಿಗೆ ಹನಿ ಹಾಕಿದವ್ರು ಯಾರು?"

ದ್ಯಾಮಪ್ಪ ಗೋಡೆ ಹುಡುಕಿದ. ಅಗಸಿಯ ಮುಂದೆ ಗೋಡೆ ಇರಲಿಲ್ಲ. ಎಲ್ಲಿ ತಿರುಗಿದರೂ ಮಂದಿ, ಮಂದಿಯ ನಡುವೆ ಕಟ್ಟೆಯ ಮೇಲೆ ಯಮನೂರಪ್ಪ. ಅವನ ಅರ್ಧ ಮೀಸೆ ನಡುಗುತ್ತಿತ್ತು. ಜೀವನದುದ್ದಕ್ಕೂ ಕರಾರನ್ನು ಬೈದವನು ಈಗ ಹೆಂಡತಿ ಮಾಡಿದ ಒಂದು ಕರಾರಿಗೆ ಜೋತುಬಿದ್ದು ನಿಂತಿದ್ದ. ಮೇಲಿನಿಂದ ಆ ಹೆಣ್ಣುದನಿ ಬಿಡುವಿಲ್ಲದೆ, "ಬಾಲ, ಇಲ್ಲ. ಕಾಲು, ಎರಡು" ಅನ್ನುತ್ತಿತ್ತು.

ಮುದುಕ ಕಟ್ಟೆಯ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ. "ಅಳಿಯಂದ್ರ" ಅಂದ, ಮೆಲ್ಲಗೆ. "ಅದನ್ನ ಬಂದ್ ಮಾಡ್ರಿ."

"ಏನಂದ್ರಿ ಮಾವಾರ?" ಯಮನೂರಪ್ಪನಿಗೆ ಖರೇನೇ ಕೇಳಿಸಿರಲಿಲ್ಲ.

ದ್ಯಾಮಪ್ಪ ಕಟ್ಟೆಯ ಮೇಲಿದ್ದ ಮೈಕ್ ಕಸಿದುಕೊಂಡ. "ಅಳಿಯಂದ್ರ, ಆ ಹೆಣ್ಮಗಳ ಬಾಯಿ ಬಂದ್ ಮಾಡ್ರಿ" ಅಂತ ಕೂಗಿದ. ಆ ಮಾತು ಅಗಸಿ ದಾಟಿ, ಮಾಳಿಗೆ ದಾಟಿ, ಗ್ವಾದಲಿಯಲ್ಲಿ ಮೇವು ಮೆಲ್ಲುತ್ತಿದ್ದ ಹೀರ್ಯಾನವರೆಗೂ ಹೋಯಿತು.

ಯಮನೂರಪ್ಪನ ಬೆರಳು ಧ್ವನಿವರ್ಧಕದ ವೈರಿನ ಮೇಲೇ ಇತ್ತು. ಕಣ್ಣು ತುಂಬಿ ಬಂದು ಏನೂ ಕಾಣುತ್ತಿರಲಿಲ್ಲ.

"ಇನ್ನೊಮ್ಮೆ ಅನ್ರಿ ಮಾವಾರ" ಅಂದ. "ಭಾಳ ಗದ್ದಲ ಐತಿ."

"ಅಳಿಯಂದ್ರ" ಅಂದ ದ್ಯಾಮಪ್ಪ, ಕಿವಿಯ ಕೋಡಬಳೆ ಅಲುಗಿಸುತ್ತ, ಅವನ ಮುಖವನ್ನೇ ನೋಡಿ.

ಆಗ ಯಮನೂರಪ್ಪ ವೈರ್ ಕಿತ್ತ.